ಸಾರು ಬಡಿಸಿಕೊಂಡ ಲ್ಯಾಪ್‌ಟಾಪು

ಲ್ಯಾಪ್‌ಟಾಪ್ ರಿಪೇರಿ ಮಾಡುವವನ ಹತ್ತಿರ ಯಾರೂ ಸುಖವಾಗಿದ್ದಾಗ ಬರುವುದಿಲ್ಲ. ಮಗಳ ಮದುವೆಗೆ ಕರೆಯಲಿಕ್ಕೆ ಬಂದವರೂ ಲಗ್ನಪತ್ರಿಕೆ ಕೊಟ್ಟಾದ ಮೇಲೆ ಅದೇ ಚೀಲದಿಂದ ಒಂದು ಸತ್ತ ಚಾರ್ಜರ್ ತೆಗೆಯುತ್ತಾರೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಮೇಲ್ಗಡೆ, ಮೆಟ್ಟಿಲು ಹತ್ತಿ ಬಂದರೆ ನನ್ನ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದರೆ ಮೇಜಿನ ಮೇಲೆ ನಾಲ್ಕು ಹೆಣ, ಸಂಜೆ ಬಾಗಿಲು ಹಾಕುವಾಗ ಐದು. ಹೊಟ್ಟೆ ಬಗೆದು ನೋಡುವುದು ನನ್ನ ಕೆಲಸ, “ಬದುಕ್ತದ ಮಾರಾಯ್ರೇ?” ಅಂತ ಕೇಳುವುದು ಬಂದವರ ಕೆಲಸ. “ನೋಡ್ಬೇಕು” ಅನ್ನುತ್ತೇನೆ. ಇದೊಂದು ಮಾತಲ್ಲೇ ಇಪ್ಪತ್ತು ವರ್ಷ ತಳ್ಳಿದ್ದೇನೆ. “ನಿಮ್ಮ ಈ ಮುಖ ನೋಡಿದ್ರೆ ಸರಿ ಇದ್ದ ಲ್ಯಾಪ್‌ಟಾಪೂ ಆಫ್ ಆಗ್ತದೆ” ಅಂತ ನನ್ನ ಹೆಂಡತಿ ಹೇಳುವುದುಂಟು. ಇರಬಹುದು. ಆದರೆ ನಗು ಬರುವಂಥದ್ದೆಲ್ಲ ನಗಬಾರದ ಹೊತ್ತಲ್ಲೇ ಬಂದು ನನಗೆ ಗಂಟುಬಿದ್ದರೆ ನಾನಾದರೂ ಮುಖವನ್ನು ಹೇಗೆ ಇಟ್ಟುಕೊಳ್ಳಲಿ? ಹೋದ ಬೇಸಿಗೆಯಲ್ಲಿ ಒಂದೇ ಒಂದು ಹಳೇ ಲ್ಯಾಪ್‌ಟಾಪಿನಿಂದ ಆದದ್ದಿಷ್ಟು, ಕೇಳಿ.

೧. ಆಧಾರ್ ಕಾರ್ಡಿನಲ್ಲಿದ್ದವನು

ಮೇ ತಿಂಗಳ ಒಂದು ಮಧ್ಯಾಹ್ನ ನರಸಿಂಹರಾಜಪುರದ ಫೋಟೋಗ್ರಾಫರ್ ಮೆಟ್ಟಿಲು ಹತ್ತಿ ಬಂದ. ಅಲ್ಲಿ ಅವನದೊಂದು ಸ್ಟುಡಿಯೋ ಇದೆ, ನನಗೆ ಹಳೇ ಸ್ನೇಹಿತ. ಕಂಕುಳಲ್ಲಿ ಒಂದು ಹಳೇ ಲ್ಯಾಪ್‌ಟಾಪು. ಅವನ ಹಿಂದೆ ಅರವತ್ತು ದಾಟಿದ ಒಬ್ಬ ಹೆಂಗಸು, ಅತ್ತೂ ಅತ್ತೂ ಕಣ್ಣು ಊದಿತ್ತು.

“ಸೀತೂರಿನವರು,” ಅಂದ ಫೋಟೋಗ್ರಾಫರ್. “ಇವರ ಯಜಮಾನ್ರು ಗೌಡ್ರು ಹೋಗಿ ಇವತ್ತಿಗೆ ಐದು ದಿನ.”

ಗೌಡರು ತೋಟದಿಂದ ಬಂದು, ಜಗಲಿಯಲ್ಲಿ ಕೂತು, ಕಾಫಿ ಕೇಳಿದ್ದರಂತೆ. ಕಾಫಿ ಬರುವುದರೊಳಗೆ ಹೋಗಿಬಿಟ್ಟಿದ್ದರು. ಸೂತಕದಲ್ಲಿ ಹೊಸಿಲು ದಾಟಬಾರದು ಅಂತ ಊರವರೆಲ್ಲ ಹೇಳಿದರೂ ಈ ಅಮ್ಮ ಕೇಳಿರಲಿಲ್ಲ. “ಮುಖ ಇಲ್ದೇ ತಿಥಿ ಮಾಡದು ಹೆಂಗೆ?” ಅಂತ ಬಾಯಿ ಮುಚ್ಚಿಸಿ ಹೊರಟು ಬಂದಿದ್ದರು.

ಸಂಗತಿ ಇಷ್ಟೇ. ಹನ್ನೊಂದನೇ ದಿನ ಸಮಾರಾಧನೆ. ಗೋಡೆಗೆ ಒರಗಿಸಿ, ಹಾರ ಹಾಕಿ, ಮುಂದೆ ಎಡೆ ಇಡಲಿಕ್ಕೆ ಗೌಡರದ್ದೊಂದು ಫೋಟೋ ಬೇಕು. ಇಡೀ ಮನೆಯಲ್ಲಿ ಒಂದೂ ಇಲ್ಲ.

“ನಿನ್ನ ಹತ್ರ ಮೂವತ್ತು ವರ್ಷದ್ದು ಮದುವೆ ಫೋಟೋ ಇದೆಯಲ್ಲೋ?” ಅಂತ ಫೋಟೋಗ್ರಾಫರನ್ನು ಕೇಳಿದೆ.

“ಇದೆ ಮಾರಾಯ. ಎಲ್ಲದ್ರಲ್ಲೂ ಗೌಡ್ರು ಇದಾರೆ. ಎಲ್ಲದ್ರಲ್ಲೂ ಬೆನ್ನು.”

“ಒಂದ್ರಲ್ಲೂ ಮುಖ ಇಲ್ವಾ?”

“ಬಗ್ಗಿ ಬಡಿಸ್ತಿರ್ತಾರಲ್ಲ. ಮೇಲೆ ನೋಡಿದ್ರೆ ಸಾರು ಎಲೆಯಿಂದ ಆಚೆ ಹೋಗ್ತದೆ.”

ಅಮ್ಮ ಹೇಳಿದರು. ಯಾರ ಮನೆಯ ಮದುವೆಯಾದರೂ ಸರಿ, ಹೋದ ಕೂಡಲೇ ಗೌಡರು ಪಂಚೆ ಎತ್ತಿ ಕಟ್ಟಿ ಸಾರಿನ ಬಕೆಟ್ಟು ಹಿಡಿಯುತ್ತಿದ್ದರಂತೆ. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಮಂಟಪಕ್ಕೆ ಫೋಟೋಗೆ ಕರೆದರೆ “ಇನ್ನೊಂದು ಪಂಕ್ತಿ ಆಗ್ಲಿ ತಡಿ” ಅನ್ನುತ್ತಿದ್ದರು. ಕಡೇ ಪಂಕ್ತಿಯಲ್ಲಿ ಅವರು ತಾವು ಊಟಕ್ಕೆ ಕೂರುವ ಹೊತ್ತಿಗೆ ಕ್ಯಾಮರಾ ಪೆಟ್ಟಿಗೆ ಸೇರಿರುತ್ತಿತ್ತು. ಅವರದೇ ಮದುವೆಯ ಫೋಟೋ ಗೆದ್ದಲಿಗೆ ಹೋಯಿತು. ಮಗನ ಮೊಬೈಲಿನಲ್ಲಿ ಒಂದಿದೆ, ಆದರೆ ತಲೆ ಮೇಲೆ ಅಡಿಕೆ ಹಾಳೆಯ ಟೊಪ್ಪಿ, ಕಾಣುವುದು ಮೂಗಿನ ತುದಿ.

ಮುಖ ಎದುರಿಗಿರುವ ಫೋಟೋ ಅಂತ ಇದ್ದದ್ದು ಒಂದೇ. ಮೂರು ವರ್ಷದ ಹಿಂದೆ ಸೊಸೈಟಿ ಕಾರ್ಡಿಗೆ ಅಂತ ಸ್ಟುಡಿಯೋದಲ್ಲಿ ತೆಗೆಸಿದ್ದು. ಆ ಕಾರ್ಡು ಅಂಗಿ ಜೇಬಿನಲ್ಲೇ ಒಗೆಯಲಿಕ್ಕೆ ಹೋಗಿ ಹಿಟ್ಟಾಗಿತ್ತು. ಮೂಲ ಫೋಟೋ ಈ ಲ್ಯಾಪ್‌ಟಾಪಿನೊಳಗಿತ್ತು. ಲ್ಯಾಪ್‌ಟಾಪ್ ಆನ್ ಆಗುತ್ತಿರಲಿಲ್ಲ. ದೀಪ ಇಲ್ಲ, ಫ್ಯಾನ್ ಇಲ್ಲ, ಉಸಿರೇ ಇಲ್ಲ.

ಏನೋ ಒಂದು ಉಪಾಯ ಹೇಳಬೇಕಲ್ಲ ಅಂತ, “ಆಧಾರ್ ಕಾರ್ಡಲ್ಲಿ ಇರ್ತದಲ್ಲಮ್ಮ, ಅದನ್ನೇ ದೊಡ್ಡದು ಮಾಡ್ಬಹುದು” ಅಂದೆ.

ಅಮ್ಮ ಚೀಲದಿಂದ ಕಾರ್ಡು ತೆಗೆದು ನನ್ನ ಮೇಜಿನ ಮೇಲಿಟ್ಟರು. “ನೀವೇ ನೋಡಿ. ಈ ಕಳ್ಳನ ಜೊತೆ ನಾನು ಒಂದು ದಿನನೂ ಸಂಸಾರ ಮಾಡಿಲ್ಲ.”

೨. ಬಾಳೆಹೊನ್ನೂರಿನ ಗುಡುಗು

ಆ ಲ್ಯಾಪ್‌ಟಾಪು ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಇದೇ ನನ್ನ ಮಾನ ಕಳೆದಿತ್ತು. ಫೋಟೋಗ್ರಾಫರ್ ಮಾತನ್ನು ನಾನು ಪೂರ್ತಿ ನಂಬದೇ ಇರುವುದು ಆಗಿನಿಂದಲೇ.

ಆಗ ಅವನು ಹೇಳಿದ ರೋಗ, “ಮನೇಲಿ ಎಡಿಟಿಂಗ್ ಮಾಡ್ತಾ ಇದ್ದಂಗೇ ಆಫ್ ಆಗ್ತದೆ ಮಾರಾಯ.” ಬ್ಯಾಟರಿ ಪೂರ್ತಿ ಸತ್ತಿತ್ತು, ಚಾರ್ಜರ್ ಮೇಲೆಯೇ ಓಡುವ ಮಷೀನು. ಎಂಟು ದಿನ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಓಡಿಸಿದೆ, ಒಂದು ಸಲವೂ ಕೈ ಕೊಡಲಿಲ್ಲ. ವಾಪಸ್ ಕೊಟ್ಟೆ. ಮೂರನೇ ದಿನ ತಂದ. ಚಾರ್ಜರ್ ಬದಲಿಸಿದೆ. ಮತ್ತೆ ತಂದ. ಪಿನ್ ಚುಚ್ಚುವ ಜಾಗವನ್ನೇ ಬಿಚ್ಚಿ ಹೊಸದು ಹಾಕಿದೆ. ಮತ್ತೆ ತಂದ. “ನಿಂಗೆ ಕೆಲಸ ಬರಲ್ಲ” ಅಂತ ಬಾಯಿಬಿಟ್ಟು ಹೇಳಲಿಲ್ಲ, ಅವನ ಮುಖ ಹೇಳುತ್ತಿತ್ತು. ಸಿಟ್ಟು ನೆತ್ತಿಗೇರಿ, ರೋಗ ಎಲ್ಲಿ ಬರುತ್ತದೋ ಅಲ್ಲೇ ನೋಡುತ್ತೇನೆ ಅಂತ ಬಸ್ಸು ಹತ್ತಿ ಅವನ ಮನೆಗೇ ಹೋದೆ.

ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರದೋ ನಿಶ್ಚಿತಾರ್ಥ ಎಡಿಟ್ ಮಾಡುತ್ತಿದ್ದ. ಲ್ಯಾಪ್‌ಟಾಪಿನ ವೈರು ಬಾಗಿಲಿನ ಸಂದಿಯಿಂದ ನಡುಮನೆಯ ಪ್ಲಗ್ ಬೋರ್ಡಿಗೆ ಹೋಗಿತ್ತು. ನಾನು ನಡುಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ದೂರದಲ್ಲೆಲ್ಲೋ ಸಣ್ಣಗೆ ಗುಡುಗಿತು, ಯಾರೋ ಮಹಡಿ ಮೇಲೆ ಮಂಚ ಎಳೆದಷ್ಟು. ಅಡುಗೆಮನೆಯಿಂದ ಅವನ ತಾಯಿ ಬಂದರು. ಸೆರಗನ್ನು ಕೈಗೆ ಸುತ್ತಿಕೊಂಡು ಫ್ರಿಜ್ಜಿನ ಪ್ಲಗ್ಗು ಕಿತ್ತರು, ಟಿವಿಯದು ಕಿತ್ತರು, ಮಿಕ್ಸಿಯದು ಕಿತ್ತರು, ಕಡೆಗೆ ನನ್ನ ಕಾಲ ಹತ್ತಿರ ಬಗ್ಗಿ ಲ್ಯಾಪ್‌ಟಾಪಿನದೂ ಕಿತ್ತು, ಒಂದು ಮಾತಿಲ್ಲದೆ ಒಳಗೆ ಹೋದರು. ಕೋಣೆಯಿಂದ “ನೋಡಿದ್ಯನೋ! ಆಫ್ ಆತು!” ಅಂತ ಕೂಗು ಬಂತು. ಗುಡುಗು ನಿಂತ ಮೇಲೆ ತಾಯಿಯೇ ಬಂದು ಎಲ್ಲವನ್ನೂ ಮತ್ತೆ ಚುಚ್ಚುತ್ತಿದ್ದರು, ಅದಕ್ಕೇ ಅವನಿಗೆ ಗೊತ್ತಾಗಿರಲಿಲ್ಲ.

“ಅಮ್ಮಾ, ಆ ಗುಡುಗು ಇಲ್ಲಲ್ಲ, ಬಾಳೆಹೊನ್ನೂರು ಕಡೆ” ಅಂದೆ. ಮೂರು ತಿಂಗಳ ಸಂಕಟ ನನ್ನ ದನಿಯಲ್ಲಿ ಇದ್ದಿರಬೇಕು.

ಅವರು ಅಡುಗೆಮನೆಯಿಂದಲೇ ಹೇಳಿದರು, “ಬಾಳೆಹೊನ್ನೂರಿಂದ ಇಲ್ಲಿಗೆ ಬಸ್ಸು ಬರಲ್ವನೋ?”

೩. ಬೀಗದ ಕೈ

ಈ ಸಲ ಸೀತೂರಿನ ಅಮ್ಮನನ್ನು ಬಸ್ಸಿಗೆ ಹತ್ತಿಸಿ ಬಂದು ಕೆಲಸಕ್ಕೆ ಕೂತೆ. ಆನ್ ಮಾಡುವ ಗೋಜೇ ಬೇಡ, ಡಿಸ್ಕು ಬಿಚ್ಚಿ ನನ್ನ ಮಷೀನಿಗೆ ಹಾಕಿ ಫೋಟೋ ತೆಗೆದುಕೊಟ್ಟರೆ ಆಯಿತು ಅಂತ ನನ್ನ ಲೆಕ್ಕ. ತಲೆ ಇದ್ದವರು ಯಾರಾದರೂ ಮೊದಲು ಮಾಡುವುದು ಅದನ್ನೇ. ಅರ್ಧ ಗಂಟೆಯ ಕೆಲಸ ಅಂತ ಧೈರ್ಯವಾಗಿ ಅಮ್ಮನಿಗೆ ಹೇಳಿಯೂ ಬಿಟ್ಟಿದ್ದೆ.

ಡಿಸ್ಕು ಹಾಕಿದೆ. ಬೀಗ. ಆ ಡಿಸ್ಕು ತನ್ನ ಸ್ವಂತ ಲ್ಯಾಪ್‌ಟಾಪಿನ ಬೋರ್ಡಿನ ಜೊತೆಗಿದ್ದರೆ ಮಾತ್ರ ತೆರೆಯುತ್ತದೆ. ಬೇರೆಯವರ ಮನೆಗೆ ಹೋದರೆ ನಲವತ್ತೆಂಟು ಅಂಕಿಯ ಒಂದು ನಂಬರ್ ಕೇಳುತ್ತದೆ. ಗಂಡನ ಮನೆ ಬಿಟ್ಟು ಬೇರೆ ಕಡೆ ಬಾಯಿಬಿಡದ ಸೊಸೆಯ ಹಾಗೆ ಕೂತಿತ್ತು.

ಫೋಟೋಗ್ರಾಫರಿಗೆ ಫೋನ್ ಮಾಡಿದೆ. “ಒಂದು ದೊಡ್ಡ ನಂಬರ್ ಕೊಟ್ಟಿರ್ತದೆ ಕಣೋ ಸುರುವಿಗೆ. ಜೋಪಾನ ಇಟ್ಕೊಳ್ಳಿ ಅಂತ ಹೇಳಿರ್ತದೆ.”

“ಹೌದೌದು! ಇಟ್ಟಿದೀನಿ, ಜೋಪಾನವಾಗೇ ಇಟ್ಟಿದೀನಿ” ಅಂದ. ನನ್ನ ಹೊಟ್ಟೆ ತಣ್ಣಗಾಯಿತು.

“ಎಲ್ಲಿ?”

“ಆ ಲ್ಯಾಪ್‌ಟಾಪಲ್ಲೇ.”

೪. ಸಾಸಿವೆ ಕಾಳು

ಇನ್ನು ದಾರಿ ಒಂದೇ, ಆ ಹೆಣಕ್ಕೇ ಜೀವ ಬರಿಸಬೇಕು. ಚಾರ್ಜರ್ ಪರೀಕ್ಷೆ ಮಾಡಿದೆ, ಕರೆಂಟು ಸರಿಯಾಗಿ ಬರುತ್ತಿತ್ತು. ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಚಾರ್ಜರಿನ ಸಣ್ಣ ದೀಪ ಆರಿಹೋಗುತ್ತಿತ್ತು. ಅಂದರೆ ಒಳಗೆಲ್ಲೋ ಕರೆಂಟು ಹೋಗಬೇಕಾದ ದಾರಿ ಬಿಟ್ಟು ಅಡ್ಡದಾರಿ ಹಿಡಿದಿದೆ, ಶಾರ್ಟ್ ಆಗಿದೆ.

“ಎಂತಾಗಿತ್ತೋ ಇದಕ್ಕೆ?” ಅಂತ ಅಮ್ಮನ ಎದುರೇ ಫೋಟೋಗ್ರಾಫರನ್ನು ಕೇಳಿದ್ದೆ. “ಎಂತದೂ ಇಲ್ಲ ಮಾರಾಯ, ತಾನಾಗೇ ಆಫ್ ಆತು” ಅಂದಿದ್ದ. ಇಪ್ಪತ್ತು ವರ್ಷದಲ್ಲಿ ನನ್ನ ಅಂಗಡಿಗೆ ಬಂದ ಲ್ಯಾಪ್‌ಟಾಪುಗಳೆಲ್ಲ ತಾವಾಗೇ ಆಫ್ ಆದವೇ. ಬಾವಿಗೆ ಬಿದ್ದದ್ದೂ ತಾನಾಗೇ ಆಫ್ ಆದದ್ದೇ.

ಕೀಬೋರ್ಡು ಬಿಚ್ಚಿದೆ. ಮೊದಲು ಹೊಗೆಯ ವಾಸನೆ ಬಂತು. ಬೋರ್ಡಿನ ಮೂಲೆ ಅರಿಸಿನ ಹಚ್ಚಿದ ಹಾಗೆ ಹಳದಿಯಾಗಿತ್ತು. ಕಣ್ಣಿಗೆ ಸಣ್ಣ ಭೂತಗನ್ನಡಿ ಹಾಕಿ ನೋಡುತ್ತೇನೆ, ಕರೆಂಟು ಒಳಬರುವ ಜಾಗದಲ್ಲೇ ಒಂದು ಸಾಸಿವೆ ಕಾಳು ಕಚ್ಚಿಕೊಂಡು ಕೂತಿದೆ. ಪಕ್ಕದಲ್ಲಿ ಕರಿಬೇವಿನ ಚೂರು. ಹುಣಸೆಹುಳಿ ತಾಮ್ರವನ್ನು ತಿಂದು ಹಸಿರು ಮಾಡಿತ್ತು. ಹುಳಿ ತೊಳೆದು, ಕಾಳು ತೆಗೆದರೂ ಶಾರ್ಟು ಹೋಗಲಿಲ್ಲ.

ಮತ್ತೆ ಫೋನ್ ಮಾಡಿದೆ. “ಇದಕ್ಕೆ ಒಗ್ಗರಣೆ ಹಾಕಿದ್ಯಾರೋ?”

ಅವನು ನಿಧಾನಕ್ಕೆ ಹೇಳಿದ. “ಹೋದ ತಿಂಗಳು ಶೆಟ್ಟಿಕೊಪ್ಪದಲ್ಲಿ ಮದುವೆ ಇತ್ತು ಮಾರಾಯ. ದೊಡ್ಡ ಸ್ಕ್ರೀನಿಗೆ ಫೋಟೋ ಬಿಡಕ್ಕೆ ಊಟದ ಹಾಲಿನ ಮೂಲೇಲಿ ಲ್ಯಾಪ್‌ಟಾಪ್ ಇಟ್ಟಿದ್ದೆ. ಗೌಡ್ರು ಬಕೆಟ್ ಹಿಡ್ಕಂಡು ಬರ್ತಾ ವೈರು ಎಡವಿದ್ರು.”

“ಯಾವ ಗೌಡ್ರು?”

“ಅವರೇ ಕಣೋ.”

ಅವನೇನೂ ಗೌಡರಿಗೆ ಬೈದಿರಲಿಲ್ಲ. ಲ್ಯಾಪ್‌ಟಾಪನ್ನು ಮನೆಗೆ ಒಯ್ದು, ಬಚ್ಚಲೊಲೆಯ ಮೇಲೆ ಹುಳಿಗೆ ಹಾಕುವ ಉಪ್ಪಾಗೆ ಸಿಪ್ಪೆ ಒಣಗಿಸುವ ತಟ್ಟಿಯ ಮೇಲಿಟ್ಟು ಎರಡು ದಿನ ಹೊಗೆ ಕೊಟ್ಟಿದ್ದ. ಮೂರನೇ ದಿನ ಆನ್ ಮಾಡಿದಾಗ ಒಳಗಿನಿಂದಲೂ ಹೊಗೆ ಬಂತಂತೆ. “ಸತ್ತವರ ಮೇಲೆ ದೂರು ಹೇಳದು ಹೆಂಗೆ, ಅದೂ ಅಮ್ಮನ ಮುಂದೆ?” ಅಂದ.

ಸಂಜೆ ಅಮ್ಮನ ಫೋನ್ ಬಂತು. “ಸಿಕ್ತಾ?”

“ಇಲ್ಲಮ್ಮ. ಒಳಗೆ ಸಾರು ಬಿದ್ದಿದೆ. ಯಾರೋ...” ಅಂತ ತಡವರಿಸಿದೆ.

“ಶೆಟ್ಟಿಕೊಪ್ಪದ ಮದುವೇಲಾ?” ಅಂದರು ಅಮ್ಮ.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಹಂಗಾರೆ ನಮ್ಮನೆಯವ್ರೇ. ಆವತ್ತು ಬಂದು ಹೇಳಿದ್ರು. ‘ಇವತ್ತು ಒಂದು ಕಂಪ್ಯೂಟ್ರಿಗೂ ಬಡಿಸಿ ಬಂದೆ ಮಾರಾಯ್ತಿ. ಸಾಕು ಅಂತ ಅದೂ ಕೈ ಅಡ್ಡ ಹಿಡೀಲಿಲ್ಲ’ ಅಂತ.”

೫. ಪೂಜೆ ಆಗುವ ಲ್ಯಾಪ್‌ಟಾಪು

ಶಾರ್ಟ್ ಎಲ್ಲಿದೆ ಅಂತ ಹುಡುಕುವ ಹಳೇ ವಿದ್ಯೆ ಒಂದಿದೆ. ಬೋರ್ಡಿಗೆ ಸ್ವಲ್ಪ ಸ್ವಲ್ಪವೇ ಕರೆಂಟು ಕೊಟ್ಟು, ಒಂದೊಂದೇ ಬಿಡಿಭಾಗವನ್ನು ಬೆರಳಿನಿಂದ ಮುಟ್ಟುತ್ತಾ ಹೋಗುವುದು. ಯಾವುದು ಸುಡುತ್ತದೋ ಅದೇ ಕಳ್ಳ. ಸಾಸಿವೆ ಕಾಳು ಕೂತಿದ್ದ ಜಾಗದಲ್ಲೇ, ಅಕ್ಕಿ ನುಚ್ಚಿನಷ್ಟು ಸಣ್ಣದೊಂದು ಕೆಪ್ಯಾಸಿಟರ್ ನನ್ನ ಬೆರಳು ಸುಟ್ಟಿತು. ನೋವಿಗೆ ಅಯ್ಯೋ ಅಂದೆ, ಖುಷಿಗೂ ಅಯ್ಯೋ ಅಂದೆ. ಅದನ್ನು ಕಿತ್ತ ಕೂಡಲೇ ಚಾರ್ಜರಿನ ದೀಪ ಉರಿಯಿತು.

ಆದರೆ ಅದರ ಹಿಂದಿದ್ದ ಒಂದು ಚಿಪ್ಪೂ ಸುಟ್ಟು ಹೋಗಿತ್ತು. ಹೊಗೆ ಬಂದದ್ದು ಅದರಿಂದಲೇ. ಅಂಥದ್ದು ಇಲ್ಲೆಲ್ಲೂ ಸಿಗುವುದಿಲ್ಲ. ತರಿಸಿದರೆ ಹತ್ತು ದಿನ, ನನ್ನ ಕೈಯಲ್ಲಿದ್ದದ್ದು ಮೂರು. ಅದೇ ಮಾಡೆಲ್ಲಿನ ಇನ್ನೊಂದು ಸತ್ತ ಲ್ಯಾಪ್‌ಟಾಪು ಬೇಕು. ಊರೂರಿಗೆ ಫೋನ್ ಮಾಡಿದೆ, ಶೃಂಗೇರಿಯ ಒಂದು ಲಾಡ್ಜಿನಲ್ಲಿ ಇದೆ ಅಂತ ಸುದ್ದಿ ಸಿಕ್ಕಿತು. ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ.

ಲ್ಯಾಪ್‌ಟಾಪು ಇತ್ತು. ಲಾಡ್ಜಿನ ಕೌಂಟರಿನ ಮೇಲೆ ಮುಚ್ಚಿಟ್ಟಿದ್ದ ಅದರ ಮೇಲೆ ಕೆಂಪು ಬಟ್ಟೆ, ಬಟ್ಟೆಯ ಮೇಲೆ ದೇವರ ಪಟ, ಪಟದ ಮುಂದೆ ಊದುಬತ್ತಿ. ಮುಚ್ಚಳಕ್ಕೆ ಕುಂಕುಮ ಬೇರೆ.

“ಬಿಚ್ಚಕ್ಕೆ ಆಗಲ್ಲ ಮಾರಾಯ್ರೇ,” ಅಂದ ಲಾಡ್ಜಿನವನು. “ನಾಲ್ಕು ವರ್ಷದಿಂದ ದಿನಾ ಪೂಜೆ ಆಗ್ತಿದೆ. ಪಟ ಸರಿಯಾಗಿ ಕೂರ್ತದೆ ಅಂತ ಇಟ್ಟಿದ್ದು, ಈಗ ಪೀಠ ಆಗಿಬಿಟ್ಟಿದೆ.”

ಬದುಕಿದ್ದಾಗ ಅದರ ಧೂಳು ಒರೆಸಿದವರಿಲ್ಲ, ಸತ್ತ ಮೇಲೆ ದಿನಾ ಹೂವು. ನನಗೆ ಹೊಟ್ಟೆ ಉರಿಯಿತು. ಸೀತೂರಿನ ಅಮ್ಮನ ಕಥೆ ಹೇಳಿದೆ. ಅವನು ಪೂರ್ತಿ ಕೇಳಿದ, ಎರಡು ಸಲ ಚ್ಚ್ ಚ್ಚ್ ಅಂದ. ದೇವರ ಪಟವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂರಿಸಿದ. “ಒಳಗಿಂದು ತಗೊಳ್ಳಿ. ಹೊರಗಿಂದು ಹಂಗೇ ವಾಪಸ್ ಕೊಡಿ” ಅಂದ. ಒಳ್ಳೆ ಮನುಷ್ಯ. ಅಲ್ಲೇ ನೆಲದ ಮೇಲೆ ಕೂತು ಬೋರ್ಡನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಖಾಲಿ ಡಬ್ಬಿಯನ್ನು ಸ್ಕ್ರೂ ಹಾಕಿ ಮುಚ್ಚಿ ಕೊಟ್ಟೆ. ಅವನು ದೇವರನ್ನು ಮತ್ತೆ ಕೂರಿಸಿ, ಹೊಸ ಊದುಬತ್ತಿ ಹಚ್ಚಿದ.

ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿ ಕೇಳಿದ, “ಹೆಂಗೂ ಬಿಚ್ಚಿ ಕ್ಲೀನ್ ಮಾಡಿದೀರಿ. ಈಗ ಚಾರ್ಜಿಗೆ ಹಾಕಿದ್ರೆ ಆನ್ ಆಗ್ತದ?”

೬. ಕೋಟು

ಹತ್ತನೇ ದಿನ ಮಧ್ಯಾಹ್ನ ಶೃಂಗೇರಿಯ ಬೋರ್ಡಿನಿಂದ ಕಿತ್ತ ಚಿಪ್ಪು ಕೂರಿಸಿ, ಡಿಸ್ಕು ವಾಪಸ್ ಹಾಕಿ ಮುಗಿಯಿತು. ಅಮ್ಮ, ಫೋಟೋಗ್ರಾಫರ್ ಇಬ್ಬರೂ ಬಂದು ನನ್ನ ಮೇಜಿನ ಎದುರು ಕೂತಿದ್ದರು. ಗುಂಡಿ ಒತ್ತಿದೆ. ಏನೂ ಇಲ್ಲ. ಇನ್ನೊಮ್ಮೆ ಒತ್ತಿದೆ. ಫ್ಯಾನು ಒಂದು ಸಲ ಕೆಮ್ಮಿ ತಿರುಗಿತು. ಬೀಗ ತಾನಾಗೇ ತೆರೆದು ಪರದೆ ಬೆಳಗಿತು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿ ಕುರ್ಚಿ ಹತ್ತಿರ ಎಳೆದುಕೊಂಡರು.

ಅಷ್ಟರಲ್ಲಿ ಶೃಂಗೇರಿ ಕಡೆ ಆಕಾಶ ಗುಡುಗಿತು. ಫೋಟೋಗ್ರಾಫರ್ ಎದ್ದ. ಮಾತಿಲ್ಲ ಕತೆಯಿಲ್ಲ, ಕರವಸ್ತ್ರ ಕೈಗೆ ಸುತ್ತಿಕೊಂಡು ಪ್ಲಗ್ಗು ಕಿತ್ತ. ಪರದೆ ಕಪ್ಪಾಯಿತು.

ನಾನು ಅವನನ್ನು ನೋಡಿದೆ. ಅವನು ತನ್ನ ಕೈಯನ್ನೇ ನೋಡಿಕೊಂಡ. “ಅಭ್ಯಾಸ ಮಾರಾಯ. ನಮ್ಮಮ್ಮನಿಂದ ಬಂದಿದ್ದು” ಅಂದ. ಒಂದು ಗಂಟೆ ಮೂವರೂ ಗುಡುಗು ನಿಲ್ಲುವುದನ್ನೇ ಕಾಯುತ್ತಾ ಕೂತೆವು.

ಎರಡನೇ ಸಲವೂ ಅದು ಆನ್ ಆದದ್ದು ಗೌಡರ ಪುಣ್ಯ. ಫೋಟೋಗ್ರಾಫರ್ ಹುಡುಕಿ ಫೋಟೋ ತೆರೆದ. ಎದುರಿಗೆ ಮುಖ, ನೇರ ನೋಟ. ಅಮ್ಮ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

“ಯಾರಿದು?”

“ಗೌಡ್ರೇ ಅಮ್ಮ.”

“ಕೋಟು ಎಲ್ಲಿಂದ ಬಂತು?”

“ಅದು ನಾನು ಹಾಕಿದ್ದು, ಕಂಪ್ಯೂಟ್ರಲ್ಲಿ. ಕಾರ್ಡಿನ ಫೋಟೋ ಅಂದ್ರೆ ಎಲ್ರಿಗೂ ಹಾಕ್ತೀನಿ. ಟೈ ಅದರ ಜೊತೇಲೇ ಬರ್ತದೆ.”

“ಕೂದಲು ಇಷ್ಟು ಕಪ್ಪು?”

“ಸ್ವಲ್ಪ ಟಚ್ ಕೊಟ್ಟೆ.”

“ಕೆನ್ನೆ ಮೇಲಿನ ಮಚ್ಚೆ?”

“ಕಲೆ ಅಂತ ತೆಗೆದೆ ಅಮ್ಮ.”

ಅಮ್ಮನ ತುಟಿ ಅದುರಿತು. “ಆ ಕೋಟು ತೆಗಿ” ಅಂದರು.

“ತೆಗೆದ್ರೆ ಒಳಗೆ ಎಂತದೂ ಇಲ್ಲ. ಕುತ್ತಿಗೆಯಿಂದ ಕೆಳಗಿಂದು ನಾನು ಇಟ್ಕಂಡಿಲ್ಲ.”

ಅಮ್ಮ ಸೆರಗು ಬಾಯಿಗೆ ಒತ್ತಿ ಅಳಲಿಕ್ಕೆ ಶುರುಮಾಡಿದರು. ಇದ್ದ ಒಂದೇ ಒಂದು ಮುಖವನ್ನೂ ಒರೆಸಿ ಇಟ್ಟಿದ್ದಾನಲ್ಲ ಅಂತ ನನಗೆ ಅವನ ಕಪಾಳಕ್ಕೆ ಬಿಡುವಷ್ಟು ಸಿಟ್ಟು ಬಂತು. ಹೊಗೆ ಹಾಕಿದವನು, ಪ್ಲಗ್ಗು ಕಿತ್ತವನು, ಈಗ ಕೋಟು ಹೊಲಿದವನು, ಎಲ್ಲ ಇವನೇ. ಅವನು ತಪ್ಪಿಸಿಕೊಳ್ಳಲಿಕ್ಕೆ ಗಡಿಬಿಡಿಯಲ್ಲಿ ಏನೇನೋ ಒತ್ತಿದ. ಶೆಟ್ಟಿಕೊಪ್ಪದ ಮದುವೆಯ ಫೋಟೋಗಳು ತೆರೆದುಕೊಂಡವು, ಸಾರು ಬೀಳುವುದಕ್ಕೆ ಸ್ವಲ್ಪ ಮೊದಲು ತೆಗೆದವು.

ಊಟದ ಪಂಕ್ತಿ. ನಡುವೆ ಪಂಚೆ ಎತ್ತಿ ಕಟ್ಟಿ, ಬಗ್ಗಿ, ಬಲಗೈಯಲ್ಲಿ ಸೌಟು ಹಿಡಿದ ಒಂದು ಬೆನ್ನು. ಬೆವರಿಗೆ ಅಂಗಿ ಅಂಟಿಕೊಂಡಿತ್ತು. ಕುತ್ತಿಗೆಯ ಮೇಲೆ ಬೆವರು ಒರೆಸಲಿಕ್ಕೆ ಮಡಿಚಿಟ್ಟ ಬೈರಾಸು.

ಅಮ್ಮನ ಅಳು ನಿಂತಿತು. ಪರದೆಯನ್ನು ಬೆರಳಿನಿಂದ ಮುಟ್ಟಿದರು. “ಈ ಬೈರಾಸು ನಾನೇ ಒಗೆದು ಕೊಟ್ಟಿದ್ದು. ಇದು ನಮ್ಮನೆಯವ್ರು. ಇದನ್ನೇ ದೊಡ್ಡದು ಮಾಡಿ ಕೊಡಿ.”

“ಅಮ್ಮಾ, ಇದು ಬೆನ್ನು” ಅಂದ ಫೋಟೋಗ್ರಾಫರ್, ಬುದ್ಧಿ ಇಲ್ಲದವನು.

“ನಲವತ್ತು ವರ್ಷ ತೋಟಕ್ಕೆ ಹೋಗೋವಾಗ ಅವರು ಮುಂದೆ, ನಾನು ಹಿಂದೆ. ನಂಗೆ ಜಾಸ್ತಿ ಗುರುತು ಇರೋದು ಇದೇ ಕಣಪ್ಪ.”

೭. ಕಡೇ ಪಂಕ್ತಿ

ಹನ್ನೊಂದನೇ ದಿನ ಸೀತೂರಿಗೆ ಹೋದೆ. ಚಪ್ಪರದ ಕೆಳಗೆ, ಗೋಡೆಗೆ ಒರಗಿಸಿದ ದೊಡ್ಡ ಚೌಕಟ್ಟು. ಸೇವಂತಿಗೆ ಹಾರ, ದೀಪ. ಚೌಕಟ್ಟಿನೊಳಗೆ ಗೌಡರ ಬೆನ್ನು ಮತ್ತು ಬಕೆಟ್ಟು. ಬಂದವರು ಒಳಗೆ ಕಾಲಿಡುತ್ತಲೇ ನಿಂತುಬಿಡುತ್ತಿದ್ದರು. “ಅಯ್ಯೋ, ಗೌಡ್ರೇ ನಿಂತಂಗಿದೆ” ಅಂತ ಒಬ್ಬರು ಗಟ್ಟಿಯಾಗಿ ಅತ್ತರು. ಒಬ್ಬರಿಗೂ ಇದು ಯಾರು ಅಂತ ಹೇಳಬೇಕಾಗಲಿಲ್ಲ.

ತೊಂದರೆ ಬಂದದ್ದು ಪುರೋಹಿತರಿಗೆ. ಎಡೆ ತುಂಬಿದ ಬಾಳೆಲೆ ಹಿಡಿದು ಫೋಟೋದ ಮುಂದೆ ನಿಂತರು, ಒಂದು ಸಲ ಎಲೆ ನೋಡಿದರು, ಒಂದು ಸಲ ಫೋಟೋ ನೋಡಿದರು. “ಬೆನ್ನು ಹಾಕಿ ನಿಂತವರ ಮುಂದೆ ಎಡೆ ಇಡದು ಹೆಂಗೆ? ಅವರು ಉಣ್ಣದು ಹೆಂಗೆ?” ಅಂದರು.

ಚಪ್ಪರದಲ್ಲಿ ಚರ್ಚೆ ಶುರುವಾಯಿತು. ಊರಿನ ಹಿರಿಯರೊಬ್ಬರು ಎದ್ದು, “ಅದಕ್ಯಾಕೆ ಅಷ್ಟು ಯೋಚ್ನೆ? ಗೌಡ್ರ ಮುಖ ಗೋಡೆ ಕಡೆಗಿದೆ. ಫೋಟೋದ ಹಿಂದೆ ಇಡಿ” ಅಂದರು. ಇಬ್ಬರು ಹೌದು ಅಂದರು. ಒಬ್ಬ ಪುಣ್ಯಾತ್ಮ ಚೌಕಟ್ಟನ್ನು ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದೂ ಬಿಟ್ಟ. ಗೌಡರು ಹಾರದ ಸಮೇತ ವಾಲಿದರು. ಫೋಟೋಗ್ರಾಫರ್ ಓಡಿ ಹೋಗಿ ಹಿಡಿದುಕೊಂಡ, ಅವನ ಜೀವನದಲ್ಲಿ ಅವನು ಮಾಡಿದ ಒಂದು ಸರಿಯಾದ ಕೆಲಸ ಅದು.

ಅಮ್ಮ ಬಾಗಿಲಿನಿಂದ ಹೇಳಿದರು, “ಅದನ್ನ ಎಲ್ಲಿತ್ತೋ ಅಲ್ಲೇ ಇಡ್ರಪ್ಪ. ಮೊದಲ್ನೇ ಪಂಕ್ತೀಲಿ ಅವರು ಯಾವತ್ತು ಕೂತಿದಾರೆ? ಈಗ ಬಡಿಸ್ತಿದಾರೆ, ಕಾಣಲ್ವಾ? ಎಲ್ರದೂ ಊಟ ಆಗ್ಲಿ. ಕಡೇ ಪಂಕ್ತೀಲಿ ತಿರುಗ್ತಾರೆ, ಆವಾಗ ಇಡಿ.”

“ಎಡೆ ಆಗದೇ ಊಟ ಹಾಕುವ ಪದ್ಧತಿ ಇಲ್ಲ” ಅಂತ ಪುರೋಹಿತರು ಹೇಳಲಿಕ್ಕೆ ಹೊರಟರು. ಅಮ್ಮನ ಮುಖ ನೋಡಿ ಎಲೆಯನ್ನು ಒಳಗೆ ಒಯ್ದರು.

ಆಮೇಲೆ ಇನ್ನೊಂದು. ಅನ್ನ ಬಡಿಸಲಿಕ್ಕೆ ಜನ ಎದ್ದರು, ಪಲ್ಯಕ್ಕೆ ಎದ್ದರು. ಸಾರಿನ ಬಕೆಟ್ಟನ್ನು ಯಾರೂ ಮುಟ್ಟಲಿಲ್ಲ. ಎಲ್ಲರೂ ಅದನ್ನು ನೋಡುವುದು, ಫೋಟೋ ನೋಡುವುದು. ಅಮ್ಮ ಬಕೆಟ್ಟು ಎತ್ತಿ ತಂದು ನನ್ನ ಕೈಗೇ ಕೊಟ್ಟರು. “ಅವರು ಕಡೇ ಸಲ ಬಡಿಸಿದ ಸಾರು ಎಲ್ಲಿ ಹೋಯ್ತು ಅಂತ ಕಂಡವರು ನೀವು. ನೀವೇ ಬಡಿಸಿ.”

ಹುಟ್ಟಿದ ಮೇಲೆ ನಾನು ಬಡಿಸಿದವನಲ್ಲ. ಪಂಚೆ ಎತ್ತಿ ಕಟ್ಟಿ ಬಗ್ಗಿದೆ. ಎರಡನೇ ಪಂಕ್ತಿ ಮುಗಿಯುವ ಹೊತ್ತಿಗೆ ಸೊಂಟ ಬಿದ್ದುಹೋಯಿತು. ತಲೆ ಎತ್ತಿ ಯಾರ ಮುಖ ನೋಡಲಿಕ್ಕೂ ಪುರುಸೊತ್ತಿಲ್ಲ, ಬರೀ ಎಲೆ, ಅನ್ನ, ಎಲೆ, ಅನ್ನ. ಈ ಮನುಷ್ಯ ಇದನ್ನು ಊರಿಡೀ ಜನರಿಗೆ ನಲವತ್ತು ವರ್ಷ ಮಾಡಿದನಲ್ಲ ಅಂದುಕೊಂಡೆ. ಬದುಕಿದ್ದಾಗ ಗೌಡರನ್ನು ನಾನು ನೋಡಿರಲಿಲ್ಲ, ಆದರೂ ದುಃಖ ಬಂತು.

ಕಡೇ ಪಂಕ್ತಿ ಕೂತಿತು. ಅಮ್ಮ ತಾವೇ ಒಂದು ಎಲೆಯನ್ನು ಫೋಟೋದ ಮುಂದೆ ಹಾಕಿದರು. ಅನ್ನ ಬಂತು, ಪಲ್ಯ ಬಂತು, ಪಾಯಸ ಬಂತು. ಪುರೋಹಿತರು ಕೈಮುಗಿದು ಕಣ್ಣು ಮುಚ್ಚಿದರು. ಎಲ್ಲರೂ ನನ್ನ ಕಡೆ ನೋಡಿದರು. ಬಕೆಟ್ಟಿಗೆ ಸೌಟು ಹಾಕಿದೆ. ಟಣ್ ಅಂತು.

ಖಾಲಿ. ಅಡುಗೆಮನೆಯಿಂದ “ಸಾರು ಮುಗೀತು!” ಅಂತ ಕೂಗು ಬೇರೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಕೆಟ್ಟನ್ನು ಪೂರ್ತಿ ಬಗ್ಗಿಸಿ, ಸೌಟಿನಿಂದ ಕೆರೆದು, ಬಂದದ್ದನ್ನು ಎಡೆಯ ಅನ್ನದ ಮೇಲೆ ಹಾಕಿದೆ. ಬಿದ್ದದ್ದು ಒಂದು ಕರಿಬೇವಿನ ಎಲೆ, ಮೂರು ಸಾಸಿವೆ ಕಾಳು.

ಅಮ್ಮ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಹನ್ನೊಂದು ದಿನದಲ್ಲಿ ಮೊದಲ ಸಲ, ಕಣ್ಣಲ್ಲಿ ನೀರು ಸುರಿಯುತ್ತಿದ್ದ ಹಾಗೇ, ಗಟ್ಟಿಯಾಗಿ ನಗುತ್ತಿದ್ದರು.

“ಹೆದರ್ಬೇಡಿ, ಸರಿಯಾಗೇ ಬಡಿಸಿದೀರಿ” ಅಂದರು. “ಯಾವ ಮದುವೆಗೆ ಹೋದ್ರೂ ಅವರಿಗೆ ಉಳೀತಿದ್ದಿದ್ದು ಇಷ್ಟೇ. ಈಗ ನಂಗೆ ಗ್ಯಾರಂಟಿ ಆತು, ಫೋಟೋದಲ್ಲಿರೋದು ನಮ್ಮನೆಯವ್ರೇ.”